ಲೈಟ್ ತೆಗೀರಿ

ಗಲ್ಫಿನ ಜೆಬೆಲ್ ಅಲಿಯ ಒಂದು ಆಸಿಡ್ ಗೋದಾಮಿನ ಸ್ಟೋರ್‌ಕೀಪರ್ ನಮ್ಮ ಕರಾವಳಿ ಕಡೆಯ ಬ್ಯಾರಿ ಮುಸ್ಲಿಂ. ನಾನು ಅವರನ್ನು ಕಾಕ ಎನ್ನುತ್ತಿದ್ದೆ. ಅವರು ಸೂಪರ್‌ವೈಸರ್ ಎದುರು ನನ್ನನ್ನು ಮೇಡಂ ಎಂದು, ಅವನು ಆಚೆ ಹೋದರೆ ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ ಎಂದು ಕರೆಯುತ್ತಿದ್ದರು. ಎರಡು ತಿಂಗಳಿಂದ ಅವರಿಗೆ ಕೆಮ್ಮು. ಕ್ಲಿನಿಕ್ಕಿನ ಡಾಕ್ಟರು ಧೂಳು ಅಂದಿದ್ದರು. ಡ್ರಮ್ಮು ಸೋರುತ್ತಿದೆ ಎಂದು ಕಾಕ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮಾಮೂಲಿ ಪರೀಕ್ಷೆಗೆಂದು ಅಬುಧಾಬಿಯ ಲ್ಯಾಬಿನಿಂದ ನಾನು ತಂದದ್ದು ಬೆರಳಗಲದ ಪಾರದರ್ಶಕ ಪಟ್ಟಿಗಳನ್ನು. ನೇರಳಾತೀತ ಟಾರ್ಚು ಹಿಡಿದರೆ ಎಚ್ಚೆತ್ತು ನೇರಳೆಯಾಗುತ್ತವೆ. ಆಗ ಆಸಿಡ್ ಆವಿ ತಗುಲಿದರೆ ಹಳದಿ. ಜೋರು ಬೆಳಕು ಬಿತ್ತೋ, ಬಣ್ಣವೆಲ್ಲ ಅಳಿಸಿ ಕುಂಭಕರ್ಣನ ನಿದ್ದೆ.

ಮಾಸ್ಕ್ ಹಾಕಿಕೊಂಡು ಗೋಡೆಯುದ್ದಕ್ಕೂ ಪಟ್ಟಿಗಳನ್ನು ಅಂಟಿಸಿ, ದೊಡ್ಡ ದೀಪಗಳನ್ನು ಆರಿಸಿ, ಒಂದೊಂದನ್ನೇ ಎಬ್ಬಿಸಿದೆ. ಕಾಲು ಗಂಟೆ ಕಾಯಬೇಕು. ನಾನು ಹಿಂದಿನ ತುದಿಯಲ್ಲಿದ್ದೆ, ಕಾಕ ಬಾಗಿಲ ಬಳಿ ಸ್ವಿಚ್‌ಬೋರ್ಡಿನ ಪಕ್ಕ. ಅಲ್ಲಿ ಒಂದು ಹಳೆಯ ಬಲ್ಬು ಇನ್ನೂ ಉರಿಯುತ್ತಿತ್ತು.

"ಕಾಕ, ಲೈಟ್ ತೆಗೀರಿ!" ಎಂದು ಕೂಗಿದೆ.

ಗೋದಾಮಿನ ಅಷ್ಟೂ ದೀಪಗಳು ಝಗ್ಗೆಂದು ಹತ್ತಿಕೊಂಡವು. ನೋಡನೋಡುತ್ತಿದ್ದಂತೆ ಪಟ್ಟಿಗಳೆಲ್ಲ ಖಾಲಿಯಾದವು.

"ಎಂತ ಮಾಡಿದ್ರಿ ಮಾರಾಯ್ರೇ! ಇಷ್ಟು ವರ್ಷ ಗಲ್ಫಲ್ಲಿದ್ದು ಒಂದು ಲೈಟ್ ತೆಗೀಲಿಕ್ಕೆ ಬರುದಿಲ್ವಾ?"

"ನೀವೇ ಹೇಳಿದ್ದಲ್ವಾ ತೆಗೀಲಿಕ್ಕೆ?"

ನಮ್ಮ ಮನೆಯಲ್ಲಿ ಲೈಟ್ ತೆಗೆಯುವುದೆಂದರೆ ಆರಿಸುವುದು. ಅವರೋ ಮೂವತ್ತು ವರ್ಷ ಪಠಾಣ್ ಫೋರ್‌ಮನ್‌ಗಳ ಬಾಯಲ್ಲಿ 'ಬತ್ತಿ ಖೋಲೋ' ಕೇಳಿದವರು. ಖೋಲೋ ಅಂದರೆ ತೆರೆ; ಅವರಿಗೆ ಲೈಟ್ ತೆಗೆಯುವುದು ಬಾಗಿಲು ತೆಗೆದ ಹಾಗೆ, ಹಾಕುವುದು. ನನಗೆ ಇದು ಹೊಳೆದದ್ದು ಆಮೇಲೆ. ಆಗ ಬರೀ ಸಿಟ್ಟು.

"ಬಾಯಮ್ಮ, ಈ ನನ್ನ ತಲೆ ಹತ್ರ ಇದ್ದ ಪಟ್ಟಿ ಹಳದಿ ಆಗಿತ್ತು. ಅಲ್ಲಾನಾಣೆ."

"ಆ ಬಲ್ಬಿನ ಬೆಳಕೇ ಹಳದಿ, ಕಾಕ."

ಅವರು ಅತ್ತ ತಿರುಗಿ ಕೆಮ್ಮಿದರು. ಆ ಕೆಮ್ಮು ನನ್ನನ್ನು ಚುಚ್ಚಿತು. ಡಾಕ್ಟರಂತೆ ನಾನೂ ಅವರ ಮಾತನ್ನು ತಳ್ಳಿಹಾಕಿದ್ದೆ.

ಸೂಪರ್‌ವೈಸರ್ ಬಂದು ಖಾಲಿ ಪಟ್ಟಿಗಳನ್ನು ನೋಡಿದ. "ಎಲ್ಲಾ ಕ್ಲೀನ್. ಖಲಾಸ್! ಸೈನ್ ಮಾಡಿ ಮೇಡಂ, ಯಲ್ಲಾ, ಬೇಗ ಬೇಗ," ಎಂದು ಕಾಗದ ಚಾಚಿದ. ಹೊರಗೆ ಫೋರ್ಕ್‌ಲಿಫ್ಟ್ ಹಾರ್ನ್ ಹೊಡೆಯುತ್ತಿತ್ತು. ಸಹಿ ಬಿದ್ದರೆ ಕಾಕ ನಾಳೆಯೂ ಇದೇ ಗಾಳಿ ಕುಡಿಯಬೇಕು, ಲ್ಯಾಬೇ ಕ್ಲೀನ್ ಅಂದ ಮೇಲೆ ಅವರ ಮಾತಿಗೆ ಕವಡೆ ಕಿಮ್ಮತ್ತೂ ಇರದು.

"ಇನ್ನೊಮ್ಮೆ ಮಾಡಬೇಕು," ಎಂದೆ. ಅವನು ಗೊಣಗುತ್ತಾ ಹೊರಟ. ಈ ಸಲ ಬಲ್ಬನ್ನೂ ನಾನೇ ಆರಿಸಿ, ಪಟ್ಟಿಗಳನ್ನು ಮತ್ತೆ ಎಬ್ಬಿಸಿ, ಕಾಕನ ಪಕ್ಕ ನಿಂತೆ. ಕತ್ತಲಲ್ಲಿ ಅವರ ಕೆಮ್ಮು ಮಾತ್ರ. ಏನೂ ಬಾರದಿದ್ದರೆ? ಕಾಲು ಗಂಟೆ ಕಳೆದು, ಮಂದ ಬೆಳಕಿನ ಬೇರೊಂದು ಟಾರ್ಚನ್ನು ಕ್ಷಣಮಾತ್ರ ಹಿಡಿದೆ.

ಹಳದಿ. ಅವರ ತಲೆಯ ಹತ್ತಿರದ್ದೇ.

ಫೋಟೋ ತೆಗೆದೆ. ಕಾಗದದಲ್ಲಿ 'ಸೋರಿಕೆ ಇದೆ' ಎಂದು ಬರೆದು ಸಹಿ ಹಾಕಿದೆ. "ತಪ್ಪಾಯ್ತು ಕಾಕ," ಎಂದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಕಣ್ಣು ಪಟ್ಟಿಯ ಮೇಲೇ ಇತ್ತು.

"ಇದನ್ನು ಡಾಕ್ಟರಿಗೆ ತೋರಿಸ್ಬಹುದಾ?"

ಹೊರಗೆ ನಡುಮಧ್ಯಾಹ್ನದ ಬಿಸಿಲು. ಬಾಗಿಲು ದಾಟುವಷ್ಟರಲ್ಲಿ ಅಳಿಸಿಹೋಗುತ್ತದೆ ಎಂದೆ. ಅವರು ಪಟ್ಟಿಯನ್ನು ಬಿಡಿಸಿ, ಕರವಸ್ತ್ರದಲ್ಲಿ ನಾಲ್ಕು ಸುತ್ತು ಸುತ್ತಿ ಅಂಗಿಯ ಜೇಬಿಗಿಟ್ಟು, ಮೇಲೆ ಅಂಗೈ ಒತ್ತಿಕೊಂಡರು.

"ಕೈ ತೆಗೀಬೇಡಿ ಕಾಕ," ಎಂದೆ.

ಕ್ಲಿನಿಕ್ಕಿನ ಬಾಗಿಲವರೆಗೂ ಅವರು ತೆಗೆಯಲಿಲ್ಲ.