ಹೊಳೆಗೆ ಹೋದ ಕೆಂಪು ಟೋಪಿ ಮುತ್ಯಾ

ನಮ್ಮವ್ವ ಒಬ್ಬ ಜರ್ಮನಿಯವನನ್ನು ಕೃಷ್ಣಾ ಹೊಳೆಗೆ ಬಿಟ್ಟು ಬಂದಿದ್ದಾಳೆ!

ಗಾಬರಿಯಾಗಬೇಡಿ. (ನಾನು ಆಗಿದ್ದೇನೆ, ಅಷ್ಟು ಸಾಕು.) ಆತ ಮಣ್ಣಿನವನು. ಮೊಣಕಾಲೆತ್ತರದ ಕುಳ್ಳ ಮುದುಕ. ಎದೆತನಕ ಬಿಳಿ ಗಡ್ಡ, ತಲೆಗೆ ಚೂಪಾದ ಕೆಂಪು ಟೋಪಿ, ಕೈಯಲ್ಲೊಂದು ಲಾಟೀನು. ಆ ದೇಶದಲ್ಲಿ ಇಂಥವರನ್ನು ಹೂದೋಟದಲ್ಲಿ ನಿಲ್ಲಿಸಿಕೊಳ್ಳುತ್ತಾರಂತೆ. ‘ಗಾರ್ಡನ್ ನೋಮ್’ ಅಂತ ಹೆಸರು. ನಮ್ಮವ್ವನ ಬಾಯಲ್ಲಿ ಮಾತ್ರ ಮೊದಲ ದಿನದಿಂದಲೂ ಮುತ್ಯಾ, ಅಂದರೆ ಅಜ್ಜ.

ಮುತ್ಯಾ ನಮ್ಮವನಲ್ಲ, ಸಾಹೇಬರ ಮನೆಯವನು. ಸಾಹೇಬರೆಂದರೆ ಶಕ್ತಿನಗರದಲ್ಲಿ ನಾನು ದುಡಿಯುವ ಕಂಟ್ರಾಕ್ಟ್ ಕಂಪನಿಯ ಎಂಜಿನಿಯರು, ಮೈಸೂರು ಕಡೆಯವರು. ನಾನು ಅವರ ಸ್ಟೋರಿನಲ್ಲಿ ಟೆಂಪರರಿ. ನನ್ನನ್ನು ಕಾಯಂ ಮಾಡುವ ಆರ್ಡರು ಅವರ ಸಹಿಗಾಗಿ ಟೇಬಲ್ ಮೇಲೆ ಬಿದ್ದುಕೊಂಡಿದೆ. ನನಗೆ ಅನ್ನ ಯಾಕೆ ಸೇರುತ್ತಿಲ್ಲ ಎಂದು ಈಗ ತಿಳಿಯಿತಲ್ಲ? (ಅವರ ಮನೆಗೆ ಈ ಪತ್ರಿಕೆ ಹೋಗುವುದಿಲ್ಲ. ಆ ಒಂದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಸಾಹೇಬರು ಟ್ರೈನಿಂಗಿಗೆಂದು ಜರ್ಮನಿಯಲ್ಲಿದ್ದಾಗ ಅಮ್ಮಾವ್ರೂ ಜೊತೆಗಿದ್ದರು. ಜನ ಸ್ಟಾಂಪು ಕೂಡಿಸುತ್ತಾರೆ, ನಾಣ್ಯ ಕೂಡಿಸುತ್ತಾರೆ. ಅಮ್ಮಾವ್ರು ಈ ಕುಳ್ಳರನ್ನು ಕೂಡಿಸಿದರು! ಒಮ್ಮೆ ಅವರ ಕ್ವಾರ್ಟರ್ಸಿಗೆ ಹೋದಾಗ ಒಬ್ಬೊಬ್ಬನನ್ನೂ ತೋರಿಸಿ ವಂಶಾವಳಿ ಹೇಳಿದ್ದರು. ನೆಲದೊಳಗಿನ ಬಂಗಾರ ಕಾಯುವ ಕುಳ್ಳರ ಕಥೆ ಅಲ್ಲಿ ಹಳೆಯದಂತೆ. ಆ ಟೋಪಿ, ಲಾಟೀನು ಎಲ್ಲ ಹಳೇ ಗಣಿ ಕೆಲಸದವರ ವೇಷವಂತೆ. ಅಲ್ಲಿನ ಒಂದು ಹಳ್ಳಿಯ ಕುಂಬಾರರು ಅಚ್ಚಿನಲ್ಲಿ ಮಣ್ಣು ಒತ್ತಿ, ಸುಟ್ಟು, ಬಣ್ಣ ಬಳಿದು ದೇಶದೇಶಕ್ಕೆ ಕಳಿಸಿದರಂತೆ. ಇಂಗ್ಲೆಂಡಿನ ಶ್ರೀಮಂತರೂ ಮುಗಿಬಿದ್ದು ಕೊಂಡರಂತೆ. ಎರಡನೇ ಮಹಾಯುದ್ಧ ಮುಗಿದು ದೇಶ ಎರಡಾದ ಮೇಲೆ ಪೂರ್ವದ ಕಡೆ ಬಂದ ಸರ್ಕಾರ, ಕೆಲಕಾಲ ಇವನ್ನು ಮಾಡಲೇಕೂಡದು ಎಂದಿತಂತೆ. ಪಾಪ, ಈ ಕುಳ್ಳರು ಯಾವ ಸರ್ಕಾರಕ್ಕೆ ಏನು ಮಾಡಿದ್ದರು?

ಎಷ್ಟೋ ಕುಂಬಾರರು ಅಚ್ಚುಗಳನ್ನೂ ಬಿಟ್ಟು ಗಡಿ ದಾಟಿ ಪಶ್ಚಿಮಕ್ಕೆ ಬಂದರು. ಹಾಗೆ ಬಂದ ಒಬ್ಬ ಅಜ್ಜ, ಅಮ್ಮಾವ್ರನ್ನು ಎದುರಿಗೆ ಕೂರಿಸಿಕೊಂಡು ಬಣ್ಣ ಬಳಿದು ಕೊಟ್ಟದ್ದೇ ನಮ್ಮ ಮುತ್ಯಾ. ಆ ಅಜ್ಜ ಈಗಿಲ್ಲ. ಅಲ್ಲೂ ಈಗ ಪ್ಲಾಸ್ಟಿಕ್ಕಿನ ಕಾಲ.

ಇದನ್ನೆಲ್ಲ ಮನೆಗೆ ಬಂದು ಹೇಳಿದರೆ ದೇವದುರ್ಗದ ನಮ್ಮವ್ವ ಅಂದದ್ದಿಷ್ಟು: “ಅಂದ್ರ ನಮ್ಮ ಹಟ್ಟಿ ಗಣಿಯವರಂಗ ಅನ್ನು.”

ಕಳೆದ ತಿಂಗಳು ಅಮ್ಮಾವ್ರು ಮಗಳ ಬಾಣಂತನಕ್ಕೆ ಮೈಸೂರಿಗೆ ಹೋದರು. ಅವರನ್ನು ಕರೆತರಲು ಹೊರಟ ಸಾಹೇಬರು ಮುತ್ಯಾನನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿತ್ತರು. “ಕೋತಿ ಕಾಟ ಕಣ್ರೀ. ಇವನೆಂದರೆ ಅವಳಿಗೆ ಪ್ರಾಣ. ನಿಮ್ಮ ಮನೇಲಿಟ್ಕೊಳ್ಳಿ, ಜೋಪಾನ.”

ಅವ್ವ ಅವನನ್ನು ದೇವರ ಜಗಲಿಯ ಪಕ್ಕ ಕೂರಿಸಿ ದಿನಾ ಹಣೆಗೆ ವಿಭೂತಿ ಹಚ್ಚಿದಳು. ಹೋಗಲಿ, ವಿಭೂತಿ ಒರೆಸಿದರೆ ಹೋಗುತ್ತದೆ ಎಂದು ಸುಮ್ಮನಿದ್ದೆ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದರೆ ಜಗಲಿಯ ಪಕ್ಕ ಖಾಲಿ!

“ಮುತ್ಯಾ ಎಲ್ಲವ್ವಾ?”

“ಭಿನ್ನ ಆದ್ನಪಾ. ಒರಸಾಕ ಹೋದ್ರ ಮೂಗು ಕಿತ್ತು ಕೈಯಾಗ ಬಂತು. ಭಿನ್ನ ಆದ ಮೂರ್ತಿ ಮನ್ಯಾಗ ಇಡಬಾರ್ದು. ಇಭೂತಿ ಹಚ್ಚಿ, ಹೂ ಏರಿಸಿ, ಸಿಹಿ ಸಜ್ಜಕದ ಎಡಿ ಹಿಡಿದು ಹೊಳಿಗಿ ಬಿಟ್ಟು ಬಂದೆ.”

“ಯವ್ವಾ! ಅದು ದೇವ್ರಲ್ಲ, ಗೊಂಬಿ!”

“ಗೊಂಬಿಗೆ ಅಷ್ಟುದ್ದ ಗಡ್ಡ ಯಾಕ ಬಿಡ್ತಾರ?”

ಹೊಳೆಗೆ ಓಡಿದೆ. ಮೀನು ಹಿಡಿಯುವವರು ಪಾಪ, ಗಳ ಹಾಕಿ ಹುಡುಕಿಕೊಟ್ಟರು. ಸಿಕ್ಕಿದ್ದು ಕೆಸರು.

ನಮ್ಮದೇ ಸಾಮಾನು ಒಡೆದರೆ ‘ಹಾಳಾಗಿ ಹೋಗಲಿ’ ಎಂದು ಕಸಬರಿಗೆ ಹಿಡಿಯುತ್ತೇವೆ. ಇನ್ನೊಬ್ಬರದು ಒಡೆದರೆ ಎದೆ ಒಡೆಯುತ್ತದೆ. ಅದರಲ್ಲೂ ಸಹಿ ಹಾಕಬೇಕಾದವರದು?

ಮರುದಿನ ರಜೆ ಹಾಕಿ ಮಾನ್ವಿಗೆ ಓಡಿದೆ. ಅಲ್ಲಿ ಪರಿಚಯದ ಕುಂಬಾರನೊಬ್ಬನಿದ್ದಾನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಭಾದ್ರಪದಕ್ಕೆ ಜೋಕುಮಾರಸ್ವಾಮಿ ಮಾಡುವವನು. ‘ಅಂಥದ್ದೇ ಒಬ್ಬನನ್ನು ಮಾಡಿಕೊಡು ಮಾರಾಯಾ’ ಎಂದು ಅಂಗಲಾಚಿದೆ.

“ಲಾಟೀನು ಯಾವ ಕೈಯಾಗ ಇತ್ರೀ?”

ನೆನಪಿಲ್ಲ.

“ನಗಾಕತ್ತಿದ್ನೋ, ಸಿಟ್ಟಿನ್ಯಾಗ ಇದ್ನೋ?”

ದಿನಾ ನೋಡಿದವನು, ಅದೂ ನೆನಪಿಲ್ಲ! ಅವನು ತನಗೆ ತಿಳಿದಂತೆ ಮಣ್ಣು ಮೆತ್ತಿದ. ನೋಡಿದರೆ ಕಣ್ಣು ಬಿಟ್ಟುಕೊಂಡ ಜೋಕುಮಾರನಿಗೆ ಟೋಪಿ ಹಾಕಿದ ಹಾಗಿತ್ತು. “ನನ್ನ ಕೈಗೆ ರೂಢಿ ಇರೋ ಮಾರಿ ಇದ ಒಂದ್ರೀ” ಎಂದ, ಆ ಮುಖ ತೋರಿಸಿ. ಬರಿಗೈಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ನೌಕರಿ ಹೋದರೆ ರಾಯಚೂರಿನ ಯಾವ ಅಂಗಡಿಯಲ್ಲಿ ಕೆಲಸ ಕೇಳುವುದು ಎಂಬುದೇ ಯೋಚನೆ.

ಶನಿವಾರ, ಅಮ್ಮಾವ್ರನ್ನು ಕರೆತಂದ ಸಾಹೇಬರೇ ನಮ್ಮ ಮನೆಗೆ ಬಂದರು. ಮುತ್ಯಾನನ್ನು ಒಯ್ಯಲು. ಕುರ್ಚಿ ಕೊಟ್ಟು, ನೀರು ಕೊಟ್ಟು, ಕಣ್ಣು ಮುಚ್ಚಿ ಎಲ್ಲವನ್ನೂ ಹೇಳಿಬಿಟ್ಟೆ.

ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಅವರ ಹಣೆಯಲ್ಲೂ ಬೆವರು!

“ಮೂಗು ಮಾತ್ರ ಕಿತ್ತು ಬಂತಾ?”

“ಹೌದ್ರೀ ಸರ್.”

“ಅದು ನಾನು ಅಂಟಿಸಿದ್ದು ಕಣ್ರೀ” ಎಂದು ಪಿಸುಗುಟ್ಟಿದರು. ಬಾಗಿಲ ಬಳಿಯಿಂದ ಎತ್ತಿಡಲು ಹೋಗಿ ಕೈಜಾರಿ ಬೀಳಿಸಿದ್ದರಂತೆ. ಅಮ್ಮಾವ್ರ ಕಣ್ಣಿಗೆ ಬಿದ್ದೀತೆಂದು ನಮ್ಮ ಮನೆಗೆ ಸಾಗಹಾಕಿದ್ದರಂತೆ. ಕೋತಿ ಪಾಪ, ಏನೂ ಮಾಡಿರಲಿಲ್ಲ. “ಅವಳು ಬೈಯೋಲ್ಲ. ಮಾತು ಬಿಟ್ಟುಬಿಡ್ತಾಳೆ. ನನಗದೇ ಭಯ.”

ನಾನು ಸಾಹೇಬರಿಗೆ ಹೆದರಿದ್ದೆ. ಸಾಹೇಬರು ಒಂದು ಮೌನಕ್ಕೆ ಹೆದರಿದ್ದರು. ಅಡುಗೆಮನೆಯಿಂದ ಅವ್ವ ಬಂದಳು.

“ಇಬ್ಬರೂ ಹಿಂಗ್ಯಾಕ ಅಂಜಾಕತ್ತೀರಿ? ಹೊಳಿಗಿ ಬಿಟ್ಟಾಕಿ ನಾನು. ನಾನ ಹೇಳ್ತೀನಿ, ನಡೀರಿ.”

ಹೋದೆವು. ಅಮ್ಮಾವ್ರ ಎದುರು ಕೂತು ಅವ್ವ ತಾನು ಮಾಡಿದ್ದನ್ನು ಒಂದನ್ನೂ ಬಿಡದೆ ಹೇಳಿದಳು, ವಿಭೂತಿ, ಹೂವು, ಎಡೆ ಸಮೇತ. ನಾವಿಬ್ಬರೂ ಉಸಿರು ಬಿಗಿಹಿಡಿದು ಬಾಗಿಲಲ್ಲೇ ನಿಂತಿದ್ದೆವು. ಅಮ್ಮಾವ್ರ ಕಣ್ಣು ತುಂಬಿತು.

“ಸಜ್ಜಕ ಮಾಡಿದ್ರಾ?”

“ತುಪ್ಪ ಹಾಕಿ ಮಾಡಿದ್ದೆ ತಂಗಿ.”

ಅಮ್ಮಾವ್ರು ಅವ್ವನ ಕೈ ಹಿಡಿದುಕೊಂಡರು. “ಆ ಅಜ್ಜ ಇದ್ದಿದ್ದರೆ ಕೇಳಿ ಸಂತೋಷಪಡ್ತಿದ್ದರು” ಎಂದರು. ಸಾಹೇಬರು ಉಸಿರು ಬಿಟ್ಟರು. ನಾನೂ ಬಿಟ್ಟೆ.

ಅಮ್ಮಾವ್ರು ಸೆರಗಿನಿಂದ ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿದರು. “ಅದೆಲ್ಲಾ ಸರಿ. ಬಟ್ಟೆಯಲ್ಲಿ ಒರೆಸಿದ ಮಾತ್ರಕ್ಕೆ ಮೂಗು ಹ್ಯಾಗೆ ಬರುತ್ತೆ? ಮೊದಲು ಮುರಿದವರು ಯಾರು?”

ಸಾಹೇಬರು ನನ್ನ ಮುಖ ನೋಡಿದರು.

ಆರ್ಡರಿಗೆ ಇನ್ನೂ ಸಹಿ ಬಿದ್ದಿಲ್ಲ. ನೀವೇ ಹೇಳಿ, ಯಾರು ಮುರಿದದ್ದು ಅನ್ನಲಿ?