ಉಮಾಬಾಯಿಯವರ ಕೊಟ್ಟಿಗೆ
ಹಿರೋಳ್ಳಿಯ ಸಣ್ಣ ಮಕ್ಕಳ ಶಾಲೆಯಲ್ಲಿ ಉಮಾಬಾಯಿ ಅಕ್ಷರಕ್ಕಿಂತ ಮೊದಲು ಪ್ರಾಣಿಗಳನ್ನು ಕಲಿಸುತ್ತಾರೆ. ಒಂದು ಮಗು ಆಡು, ಇನ್ನೊಂದು ಕೋಳಿ, ಮತ್ತೊಂದು ಎಮ್ಮೆ; ತನ್ನ ಪ್ರಾಣಿಯಂತೆ ಕೂಗಿದ ಮೇಲೆ "ಇವತ್ತ ನಿನಗ ಹ್ಯಾಂಗ ಅನಸ್ತದ?" ಎಂಬುದಕ್ಕೆ ಉತ್ತರಿಸಿದ ಪ್ರಾಣಿಗೆ ಮಾತ್ರ ಮೇವು, ಅಂದರೆ ಒಂದು ಹಿಡಿ ಶೇಂಗಾ. ತನಿಖೆಗೆ ಬಂದವರು "ಇದು ಸಾಲೀನೋ, ದನದ ಕೊಟ್ಟಿಗಿನೋ?" ಎಂದರೆ "ತಾವ್ಯಾವ ಪ್ರಾಣಿ ಆಗ್ತೀರಿ, ಸಾಹೇಬ್ರ?" ಎಂದು ಕೇಳಿಯೇಬಿಡುತ್ತಾರೆ. ನಿಜಾಮನ ಕಡೆಯ ರಜಾಕಾರರ ಭಯಕ್ಕೆ ಮನೆಗಳು ಒಂದೊಂದಾಗಿ ಸಂಸ್ಥಾನದ ಗಡಿ ದಾಟಿದಂತೆ, ಹೋದ ಮಕ್ಕಳ ಕೂಗನ್ನೂ ಉಮಾಬಾಯಿಯೇ ಕೂಗುತ್ತ ಬಂದಿದ್ದಾರೆ. ನಿನ್ನೆ ಉಳಿದವಳು ಕರುವಾಗುವ ಸಾಬವ್ವ ಒಬ್ಬಳೇ. ಎಲ್ಲರ ಕೂಗು ಮುಗಿಸಿ ಉಮಾಬಾಯಿ ಆಕಳಾದಾಗ ಅವಳೇ ಕೇಳಿದಳು: "ಆಕಳಿಗಿ ಹ್ಯಾಂಗ ಅನಸ್ತದ್ರಿ?" "ಅಂಜಿಕಿ ಆಗ್ತದ." "ಮತ್ತ ಆಕಳೂ ಹೋಗ್ತದೇನ್ರಿ?" "ಕರ ಇಲ್ಲೇ ಅದಲ್ಲ, ಎಲ್ಲಿಗಿ ಹೋಗ್ತದ?" ಉತ್ತರಿಸಿದ ಆಕಳಿಗೆ ಸಾಬವ್ವ ಒಂದು ಹಿಡಿ ಮೇವು ಕೊಟ್ಟಳು.