ದಾನದ ವಾಶ್‌ಬೇಸಿನ್

ಕೋವಿಡ್ ಇಳಿದ ಮರುವರ್ಷ ನಾನು ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಮೈಕ್ರೋಬಯಾಲಜಿಸ್ಟ್ ಆಗಿದ್ದೆ. ಆಸ್ಪತ್ರೆಯೊಳಗೇ ಹರಡುವ ಸೋಂಕನ್ನು ತಡೆಯುವುದು ನನ್ನ ಹೊಣೆ. ಲ್ಯಾಬ್ ವರದಿ ಹೇಳಿದ್ದನ್ನು ಖಚಿತವಾಗಿ ಬರೆಯಬಲ್ಲೆ. ಇಲ್ಲಿನ ಮಾತುಗಳು ನೆನಪಿನವು, ಅಷ್ಟು ಖಚಿತವಲ್ಲ.

ಸುಟ್ಟಗಾಯದ ವಾರ್ಡಿನಲ್ಲಿ ಉಡಿಗಾಲದ ಸಿದ್ದಮ್ಮ ಇದ್ದಳು. ಬಿಸಿನೀರಿನ ಹಂಡೆ ಉರುಳಿ ತೊಡೆ ಬೆಂದಿತ್ತು. ಚರ್ಮ ಕಸಿ ಮಾಡಬೇಕಾದರೆ ಗಾಯ ಶುದ್ಧವಾಗಬೇಕು. ಅದೋ ಹಸಿರು ಕೀವು ಕಟ್ಟುತ್ತಿತ್ತು. ಕಲ್ಚರ್ ಪರೀಕ್ಷೆಯಲ್ಲಿ ಬಂದದ್ದು ಸೂಡೋಮೊನಾಸ್, ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಅವಳ ಹಸುಗೂಸು ತವರಿನಲ್ಲಿತ್ತು.

“ಕೂಸು ನನ್ ಮೊಕ ಮರ್ತ್‌ಬುಟ್ರೆ ಏನ್ ಮಾಡ್ಲವ್ವಾ?” ಎಂದು ದಿನವೂ ಕೇಳುತ್ತಿದ್ದಳು.

ಅದೇ ಹಾಸಿಗೆಯ ಹಿಂದಿನ ರೋಗಿಗೂ ಇದೇ ಸೋಂಕು ತಗುಲಿತ್ತು. ಎಲ್ಲರ ಅನುಮಾನ ಡ್ರೆಸಿಂಗ್ ಮಾಡುವ ನರ್ಸ್‌ಗಳ ಕೈ ಮೇಲೆ; ನನ್ನದೂ. ಕೈಗಳಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಆ ಕೈಗಳನ್ನು ತೊಳೆಯುವ ವಾಶ್‌ಬೇಸಿನ್‌ನ ನೀರಿಳಿಯುವ ಕಿಂಡಿಯಲ್ಲಿ. ಬ್ಲೀಚ್ ಸುರಿಸಿದೆವು, ಕೆಲವೇ ದಿನಗಳಲ್ಲಿ ಮರಳಿತು. ಬ್ಯಾಕ್ಟೀರಿಯಾ ಪೈಪಿನ ಒಳಗೋಡೆಗೆ ಲೋಳೆಯಾಗಿ ಅಂಟಿಕೊಂಡು ಕಟ್ಟುವ ಪದರಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಬ್ಲೀಚಿಗೆ ಅದು ಪೂರ್ತಿ ಸಾಯುವುದಿಲ್ಲ.

ಸಿದ್ದಮ್ಮನನ್ನು ಬೇರೆ ಕೋಣೆಗೆ ಸಾಗಿಸಿದೆ. ಬೇಸಿನ್ ಕೀಳಿಸಿ ಎಂದಾಗ ಸೂಪರಿಂಟೆಂಡೆಂಟ್ ಹಿಂಜರಿದರು. ಅದು ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಗುರುಮಲ್ಲಪ್ಪನವರು ತಾಯಿಯ ನೆನಪಿಗೆ ಕೊಟ್ಟದ್ದು. ಮೇಲೆ ಹೆಸರಿನ ಕಲ್ಲೂ ಇತ್ತು. “ಅವರಿಗೆ ನೀವೇ ಹೇಳಿ” ಎಂದರು. ಫೋನ್ ಮಾಡಿ ಕರೆಸಿದೆ.

“ಕಾವೇರಿ ನೀರು ಕಣಮ್ಮ, ಅದ್ರಲ್ಲೆಂಥ ಕಾಯ್ಲೆ? ನಮ್ಮವ್ವನ ಎಸ್ರು ನಿಮ್ಗೆ ಭಾರ ಆಯ್ತಾ?”

“ನೀರಲ್ಲ ಯಜಮಾನ್ರೇ, ಅದು ಬೀಳೋ ಜಾಗ ನೋಡಿ.”

ಕಿಂಡಿಗೆ ಲ್ಯಾಬಿನ ನೀಲಿ ಬಣ್ಣ ಸುರಿದು, ಪಕ್ಕದ ಡ್ರೆಸಿಂಗ್ ಟ್ರಾಲಿಯ ಮೇಲೆ ಬಿಳಿ ಬಟ್ಟೆ ಹಾಸಿ, ನಲ್ಲಿ ತಿರುಗಿಸಿದೆ. ಧಾರೆ ನೇರ ಕಿಂಡಿಗೇ ಬಿದ್ದು ಚಿಮ್ಮಿತು. ಬಟ್ಟೆಯ ಮೇಲೆ ನೀಲಿ ಚುಕ್ಕೆಗಳು. ಗುರುಮಲ್ಲಪ್ಪನವರ ಪಂಚೆಯ ಮೇಲೂ. ಸಿದ್ದಮ್ಮನ ಗಾಯಕ್ಕೆ ಕಟ್ಟುವ ಬಟ್ಟೆ ಇರುತ್ತಿದ್ದುದು ಅದೇ ಟ್ರಾಲಿಯಲ್ಲಿ.

ಅವರು ಪಂಚೆ ನೋಡಿಕೊಂಡರು. “ಕಿತ್ತಾಕ್ಸಿ. ಒಸ್ದು ನೀವ್ ಏಳ್ದಂಗೇ ಕೂರ್ಸನ.” ಬಾಗಿಲ ತನಕ ಹೋಗಿ ತಿರುಗಿದರು: “ಆ ಕಲ್ಲ ಆಚೆ ಬೆಂಚ್‌ಗೆ ಆಕ್ಸಿ. ನಮ್ಮವ್ವಂಗೆ ಕುಂತ್ಕಂಡು ಮಾತಾಡೋದಂದ್ರೇ ಇಷ್ಟ, ಕೈ ತೊಳ್ಯೋದಲ್ಲ.”

ಹೊಸ ಬೇಸಿನ್‌ನಲ್ಲಿ ಧಾರೆ ಕಿಂಡಿಯಿಂದ ಪಕ್ಕಕ್ಕೆ ಬೀಳುವಂತೆ ಮಾಡಿಸಿ, ಟ್ರಾಲಿಯನ್ನು ದೂರ ಇರಿಸಿದೆವು. ಗಾಯ ಶುದ್ಧವಾಯಿತು, ಕಸಿ ಹಿಡಿಯಿತು. ಮರುಪರೀಕ್ಷೆಗೆ ಬಂದ ಸಿದ್ದಮ್ಮ ಆ ಬೆಂಚಿನ ಮೇಲೆ ಕೂಸನ್ನು ಮಡಿಲಲ್ಲಿಟ್ಟು ಕೂತಿದ್ದಳು.

“ಮರೆತಿತ್ತೇನಮ್ಮ?”

“ಒಂದ್ ಗಳ್ಗೆ ಅತ್ತು ರಂಪ ಮಾಡ್ತು ಕಣವ್ವ. ಆಮೇಲೆ ಸೆರಗೇ ಬುಡ್ನಿಲ್ಲ.”

ಶುಚಿಗೆಂದೇ ಇಟ್ಟದ್ದನ್ನು ಯಾರೂ ಅನುಮಾನಿಸುವುದಿಲ್ಲ. ಈಗ ಯಾವ ವಾರ್ಡಿಗೆ ಕಾಲಿಟ್ಟರೂ ಯಾರ ಕೈಯನ್ನೂ ನೋಡುವ ಮೊದಲು ನಲ್ಲಿ ತಿರುಗಿಸುತ್ತೇನೆ, ಹನಿ ಎಲ್ಲಿಯವರೆಗೆ ಹಾರುತ್ತದೆಂದು ನೋಡುತ್ತೇನೆ.